ಮುಂಗಡ ಕೊಟ್ಟವರ ಹೆಸರು

ಅವರ ಬಲ ಹೆಗಲು ಎಡಕ್ಕಿಂತ ನಾಲ್ಕು ಬೆರಳಿನಷ್ಟು ಕೆಳಗಿತ್ತು. ಹುಟ್ಟಿನಿಂದ ಬಂದದ್ದಲ್ಲ, ಪುಸ್ತಕದ ಚೀಲ ಹೊತ್ತು ಹೊತ್ತು ಇಳಿದದ್ದು. ಚೀಲ ಇಲ್ಲದ ದಿನವೂ ಹೆಗಲು ಮೇಲೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಗಣಪತಿಯ ದಿನ ತೆಗೆದ ಒಂದು ಫೋಟೋ ಇದೆ. ಎಲ್ಲರೂ ನೆಟ್ಟಗೆ ನಿಂತಿದ್ದಾರೆ, ಇವರೊಬ್ಬರು ಮಾತ್ರ ಯಾರೋ ಕೆಳಗಿನಿಂದ ಅಂಗಿ ಹಿಡಿದು ಎಳೆಯುತ್ತಿರುವ ಹಾಗೆ ವಾಲಿದ್ದಾರೆ.

ಚಾಳಿನಲ್ಲಿ ಎಲ್ಲರೂ ಅವರನ್ನು ಕಾದಂಬರಿ ಕಾಕಾ ಎನ್ನುತ್ತಿದ್ದರು. ವಿಲೆ ಪಾರ್ಲೆ ಸ್ಟೇಶನ್ನಿಗೆ ಹತ್ತಿರದ ಎರಡು ಮಹಡಿಯ, ಸಾಲುಕೋಣೆಗಳ ಚಾಳು ನಮ್ಮದು. ನಾವು ಧಾರವಾಡದವರು, ನನ್ನ ತಮ್ಮ ಆಗ ಅಲ್ಲೇ ಅಜ್ಜನ ಮನೆಯಲ್ಲಿ ಓದುತ್ತಿದ್ದ. ಕಾಕಾ ವಿಜಾಪುರದವರು, ನಮ್ಮಿಂದ ಮೂರನೇ ಬಾಗಿಲು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಬೈಕುಲ್ಲಾದ ಒಂದು ಗಿರಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಕೆಲಸ ಬಿಟ್ಟು ಉಳಿದ ಹೊತ್ತೆಲ್ಲ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು, ತಾವೇ ಅಚ್ಚು ಹಾಕಿಸುತ್ತಿದ್ದರು, ತಾವೇ ಹೊತ್ತು ಮಾರುತ್ತಿದ್ದರು. ಅಪ್ಪ ಅವರಿಗಿದ್ದ ಒಬ್ಬನೇ ಜೀವದ ಗೆಳೆಯ. ಆ ಅಪ್ಪನ ಜೀವವೇ ಒಮ್ಮೆ ಅವರ ಪುಸ್ತಕದ ಒಂದು ಪುಟದಲ್ಲಿ ಸಿಕ್ಕಿಬಿದ್ದಿತ್ತು ಎಂದು ನಮ್ಮವ್ವ ಕೊನೆಯತನಕ ನಂಬಿದ್ದಳು. ನಾನು ನಂಬುತ್ತೇನೋ ಇಲ್ಲವೋ, ಅದನ್ನು ನೀವೇ ಓದಿ ನಿರ್ಧರಿಸಿ.

ಕಾಕಾ ಬರೆದದ್ದು ಹೇಗಿತ್ತು ಎಂದು ಕೇಳಬೇಡಿ. ಪರವಾಗಿಲ್ಲ ಎನ್ನುವಂತಿತ್ತು. ಆದರೆ ಮಾರುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಕಂಡಿಲ್ಲ. ಊರ ಕಡೆಯ ಪುಸ್ತಕದಂಗಡಿಯವರು ಅವರ ಪುಸ್ತಕ ತೆಗೆದುಕೊಂಡು ಹಿಂದಿನ ಸಾಲಿಗೆ ತಳ್ಳುತ್ತಿದ್ದರು. ಅದಕ್ಕೆ ಕಾಕಾ ಅಂಗಡಿಯ ಹಂಗೇ ಬೇಡವೆಂದು ಬಿಟ್ಟಿದ್ದರು. ಲೋಕಲ್ ರೈಲು ಹತ್ತಿ, ಕನ್ನಡ ಮಾತು ಕಿವಿಗೆ ಬಿದ್ದ ಕಡೆ ಕೂತು, ಹೊದಿಕೆ ಎದುರಿನವರಿಗೆ ಕಾಣುವಂತೆ ತಮ್ಮದೇ ಕಾದಂಬರಿ ತೆರೆದು ಓದುವರು. ಸ್ವಲ್ಪ ಹೊತ್ತಿಗೆ "ಅಯ್ಯಯ್ಯ, ಹೀಂಗಾಗಬಾರದಿತ್ತು!" ಎಂದು ತೊಡೆ ತಟ್ಟಿಕೊಳ್ಳುವರು. ಎದುರಿನವನು "ಏನಾತ್ರಿ?" ಎಂದು ಕೇಳಿದನೆಂದರೆ ಮುಗಿಯಿತು. ಅಂಧೇರಿ ಬರುವುದರೊಳಗೆ ಒಂದು ಪ್ರತಿ ಚೀಲದಿಂದ ಹೊರಬಿದ್ದಿರುತ್ತಿತ್ತು.

ಇನ್ನೊಂದು ಉಪಾಯ ಇದಕ್ಕಿಂತ ಖತರ್‌ನಾಕ್. ಉಡುಪಿ ಹೊಟೇಲುಗಳ ಗಲ್ಲೆಯ ಪಕ್ಕ, ಪೇಪರ್ ಇಡುವಲ್ಲಿ, ತಮ್ಮ ಕಾದಂಬರಿಯ ಒಂದು ಪ್ರತಿ ಪುಕ್ಕಟೆ ಓದಲಿಕ್ಕೆ ಇಟ್ಟು ಬರುವರು. ಕೊನೆಯ ಪುಟಗಳನ್ನು ಮಾತ್ರ ಹರಿದಿಟ್ಟುಕೊಂಡಿರುತ್ತಿದ್ದರು. ಕಾಫಿ ಆರುವತನಕ ದಿನಕ್ಕಿಷ್ಟು ಓದಿಕೊಂಡು ಬಂದ ಗಿರಾಕಿ, ಕೊಲೆ ಮಾಡಿದವನು ಯಾರೆಂದು ತಿಳಿಯದೆ ಒದ್ದಾಡಿ, ಕಡೆಗೆ ಸೋತು ಪುಸ್ತಕ ಕೊಳ್ಳುತ್ತಿದ್ದ. "ತಂಗಿ, ಪುಸ್ತಕ ಮಾರಬಾರದು, ಚಡಪಡಿಕೆ ಮಾರಬೇಕು" ಎಂದು ನನಗೆ ಹೇಳುತ್ತಿದ್ದರು. ನಾನಾಗ ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿದ್ದೆ, ಏನೇನೋ ಬರೆಯುವ ಹುಚ್ಚೂ ಹತ್ತಿತ್ತು. ನಾನು ಬರೆದದ್ದನ್ನು ಓದಿ, ಚೆನ್ನಾಗಿಲ್ಲದಿದ್ದರೆ ಮುಖಕ್ಕೇ ಹೇಳಿದವರು ಅವರೊಬ್ಬರೇ.

ಕೇಡು ಬಂದದ್ದು ಮೂರನೆಯ ಉಪಾಯದಿಂದ.

ಕಾಗದ ಕೊಳ್ಳಲು ಮೊದಲೇ ಹಣ ಬೇಕಲ್ಲ. ಅದಕ್ಕೆ ಕಾಕಾ ಒಂದು ದಾರಿ ಹುಡುಕಿದರು. ಅಚ್ಚಾಗುವ ಮುಂಚೆ ಮುಂಗಡ ಕೊಟ್ಟವರ ಹೆಸರನ್ನು ಕಾದಂಬರಿಯ ಒಂದು ಪಾತ್ರಕ್ಕೆ ಇಡುವುದು! ಜನ ಮುಗಿಬಿದ್ದರು. ಬೈಕುಲ್ಲಾದ ವ್ಯಾಪಾರಿಗಳು, ಫೋರ್ಟಿನ ಗುಮಾಸ್ತರು, ಹೊಟೇಲಿನವರು ಎಲ್ಲರಿಗೂ ಅಚ್ಚಿನಲ್ಲಿ ತಮ್ಮ ಹೆಸರು ನೋಡುವ ಆಸೆ. ಊರಿಗೆ ಕಳಿಸಲು ಎರಡೆರಡು ಪ್ರತಿ ಬೇರೆ. ಆದರೆ ಒಂದೇ ಒಂದು ತೊಡಕಿತ್ತು, ಅದನ್ನು ಕಾಕಾ ನಗುತ್ತಲೇ ಅಪ್ಪನಿಗೆ ಹೇಳಿದ್ದು ನನಗೆ ನೆನಪಿದೆ.

"ಕಳ್ಳನ ಪಾತ್ರ ಯಾರಿಗೂ ಬ್ಯಾಡ ಅಂತಾರ ನೋಡ್ರಿ. ಕೊಲೆಗಾರಂದಂತೂ ಕೇಳಲೇಬ್ಯಾಡ್ರಿ. ಎಲ್ಲಾರಿಗೂ ಛಲೋ ಮನಿಷ್ಯಾನ ಪಾತ್ರನೇ ಆಗಬೇಕು. ಆದರ ನನ್ನ ಕಾದಂಬರಿಯೊಳಗ ಸಾಯೋರು ಛಲೋ ಮನಿಷ್ಯಾರೇ. ಏನು ಮಾಡಲಿ?"

"ಸಾಯಿಸರಿ ಬಿಡ್ರಿ, ಪುಸ್ತಕದಾಗ ಸತ್ತರ ಯಾರ ಮನಿ ಹಾಳಾಗತದ!" ಎಂದು ಅಪ್ಪ ನಕ್ಕಿದ್ದ.

ಸ್ಟೇಶನ್ನಿನ ಎದುರಿನ ಉಡುಪಿ ಹೊಟೇಲಿನ ಮಾಲಕರೇ ಮೊದಲ ಸರದಿಯಲ್ಲಿ ಹೆಸರು ಕೊಟ್ಟವರು. ಕಾಕಾ ಎರಡು ಹೊತ್ತೂ ಉಣ್ಣುತ್ತಿದ್ದದ್ದು ಅಲ್ಲೇ. ಅವರಿಗೆ ನ್ಯಾಯಾಧೀಶನ ಪಾತ್ರ ಬೇಕಿತ್ತು, ಕೊಟ್ಟರು. ನ್ಯಾಯಾಧೀಶ ಹೊಳೆ ದಾಟುವಾಗ ದೋಣಿ ಮಗುಚಿ ಸಾಯುತ್ತಾನೆ, ದೋಣಿಯ ತಳ ಯಾರೋ ಕೊರೆದಿಟ್ಟಿರುತ್ತಾರೆ. ಮಾಲಕರು ಗಲ್ಲೆಯ ಮೇಲೆ ಪುಸ್ತಕ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರು. "ಎಂತ ಮಾರಾಯ್ರೇ, ನನ್ನನ್ನು ನೀರಿಗೆ ಹಾಕಿದ್ರಲ್ಲ! ನನಗೆ ಈಜ್ಲಿಕ್ಕೆ ಬರ್ತದೆ ಅಂತ ನಿಮಗೆ ಗೊತ್ತಿಲ್ವಾ?" ಎಂದು ಕಾಕಾನನ್ನು ನನ್ನ ಎದುರೇ ಛೇಡಿಸಿದ್ದರು. ಮುಂದಿನ ಮಳೆಗಾಲ ಮಗಳ ನಿಶ್ಚಿತಾರ್ಥಕ್ಕೆಂದು ಊರಿಗೆ ಹೋದವರು ಹೊಳೆ ದಾಟುವಾಗ ದೋಣಿ ಮಗುಚಿ ತೀರಿಕೊಂಡರು. ಈಜು ಬರುತ್ತಿದ್ದದ್ದು ನಿಜ. ನೆರೆಯ ನೀರಿನಲ್ಲಿ ಅದು ಕೆಲಸಕ್ಕೆ ಬರಲಿಲ್ಲವಂತೆ.

ಕಾಕಾ ಆಮೇಲೆ ಬಹಳ ದಿನ ಆ ಹೊಟೇಲಿನ ಮುಂದೆ ಹಾಯಲಿಲ್ಲ. ಅವ್ವನೇ ಡಬ್ಬಿ ಕಟ್ಟಿ ಕಳಿಸುತ್ತಿದ್ದಳು. ಆಗಿನ್ನೂ ಯಾರೂ ಏನೂ ಅನ್ನುತ್ತಿರಲಿಲ್ಲ. ಕಾಕತಾಳೀಯ ಎಂದು ಎಲ್ಲರೂ ಸುಮ್ಮನಿದ್ದರು.

ಎರಡನೆಯ ಪುಸ್ತಕದಲ್ಲಿ ದಹಿಸರದ ಒಬ್ಬ ಬಟ್ಟೆ ವ್ಯಾಪಾರಿಯ ಹೆಸರಿತ್ತು, ಬೆಳಗಾವಿ ಕಡೆಯವರು. ಅವರ ಹೆಸರಿನ ಜಮೀನುದಾರನನ್ನು ಓಡುವ ರೈಲಿನಿಂದ ತಳ್ಳಿ ಕೊಲ್ಲುತ್ತಾರೆ. ಪುಸ್ತಕ ಹೊರಬಂದು ತಿಂಗಳೊಪ್ಪತ್ತಿಗೆ ವ್ಯಾಪಾರಿ ಲೋಕಲ್‌ನಿಂದ ಬಿದ್ದರು. ಜೀವ ಉಳಿಯಿತು, ಒಂದು ಕಾಲು ಹೋಯಿತು.

ಆಗ ಶುರುವಾಯಿತು ನೋಡಿ ಗುಸುಗುಸು! "ಮುಂಬೈಯೊಳಗ ಲೋಕಲ್‌ನಿಂದ ಬೀಳೋರಿಗೇನು ಬರ ಅದನ?" ಎಂದು ಕಾಕಾ ವಾದಿಸಿದರು. ಯಾರು ಕೇಳುತ್ತಾರೆ? ಅವರು ಲೋಕಲ್ ಹತ್ತಿದರೆ ಕನ್ನಡದವರು ಮಾತು ನಿಲ್ಲಿಸಿ ಬೇರೆ ಕಡೆ ನೋಡುವರು. ಹೊಸ ಗುರುತಿನವರು ಅವರಿಗೆ ತಮ್ಮ ಹೆಸರು ಹೇಳಲು ಹಿಂಜರಿಯುವರು. ಚಾಳಿನ ಹೆಂಗಸರು ಅವರ ಬಾಗಿಲು ದಾಟುವಾಗ ಮಕ್ಕಳನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟರು.

ವಿಚಿತ್ರವೆಂದರೆ, ಪುಸ್ತಕ ಹಿಂದೆಂದೂ ಇಲ್ಲದ ಹಾಗೆ ಖರ್ಚಾಗತೊಡಗಿತು. ಮುಂಗಡ ಕೊಡದವರೂ ಕೊಂಡರು. ಒಳಗೆ ತಮ್ಮ ಹೆಸರಿನವರು ಯಾರಾದರೂ ಇದ್ದಾರೋ, ಇದ್ದರೆ ಅವರ ಗತಿ ಏನಾಗುತ್ತದೋ ನೋಡಬೇಕಿತ್ತು ಅವರಿಗೆ. ಒಂದು ಸಂಜೆ ಕಾಕಾ ಖಾಲಿ ಚೀಲ ನಮ್ಮ ಹೊಸ್ತಿಲ ಮೇಲೆ ಹಾಕಿ ಕೂತರು. ಅವರ ಮುಖದಲ್ಲಿ ಸಂತೋಷವೂ ಇತ್ತು, ಇನ್ನೇನೋ ಇತ್ತು.

"ತಂಗಿ, ಇಷ್ಟು ವರ್ಷ ನಾ ಕಥಿ ಮಾರಲಿಕ್ಕೆ ಒದ್ದಾಡಿದೆ. ಅಂಜಿಕಿ ತಾನಽ ಮಾರತದ" ಎಂದರು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಮೂರನೆಯ ಕಾದಂಬರಿಗೆ ಒಂದು ಕರಪತ್ರ ಮಾಡಿಸಿದರು. ಕರಿ ಅಂಚು, ನಡುವೆ ದಪ್ಪ ಅಕ್ಷರದಲ್ಲಿ ಮೂರೇ ಪದ: "ಈ ಸಲ ಯಾರು?" ಕನ್ನಡದವರು ಸೇರುವ ಕಡೆಯೆಲ್ಲ ಅದನ್ನು ಹಂಚಿದರು. ನನ್ನ ಆಫೀಸಿನವರೆಗೂ ಒಂದು ಪ್ರತಿ ಬಂದಿತ್ತು. ನನಗೆ ಸಿಟ್ಟು ನೆತ್ತಿಗೇರಿ, ಅದನ್ನು ತಂದು ಅವರ ಮುಂದೆ ಹಿಡಿದು "ಕಾಕಾ, ಇದು ಛಲೋ ಕಾಣಸೂದಿಲ್ಲ" ಎಂದೆ. "ಹೊಟ್ಟಿಗಿ ಹಿಟ್ಟು ಹಾಕೋದು ಇದಽ ಅಲ್ಲೇನವಾ" ಎಂದು ನಕ್ಕರು. ನಗು ಮೊದಲಿನ ಹಾಗಿರಲಿಲ್ಲ.

ಈ ಸಲ ಯಾರು ಎಂಬುದು ನಮ್ಮ ಮನೆಗೆ ಮೊದಲೇ ಗೊತ್ತಿತ್ತು. ವ್ಯಾಪಾರಿ ಬೀಳುವುದಕ್ಕೂ ಮೊದಲೇ ಅಪ್ಪ ಗೆಳೆತನಕ್ಕೆಂದು ತನ್ನ ಹೆಸರು ಕೊಟ್ಟಿದ್ದ. ನಮ್ಮ ಮನೆಯಲ್ಲೇ ಚಹಾ ಕುಡಿಯುತ್ತ ಕಾಕಾ ಕಥೆಯನ್ನೂ ಹೇಳಿದ್ದರು. ಅಪ್ಪನ ಹೆಸರಿನ ಒಬ್ಬ ಹೆಡ್‌ಮಾಸ್ತರ ಜಡ್ಡು ಬಿದ್ದು ಮಲಗಿರುತ್ತಾನೆ, ಆಸ್ತಿಯ ಆಸೆಗೆ ತಮ್ಮನ ಮಗ ಹಾಲಿನಲ್ಲಿ ವಿಷ ಬೆರೆಸುತ್ತಾನೆ. "ನಿಮ್ಮನ್ನ ಹಾಲಿನಾಗ ಮುಗಸತೀನಿ ನೋಡ್ರಿ, ಸುಖದ ಸಾವು" ಎಂದು ಕಾಕಾ ಹೇಳಿದಾಗ ಅಪ್ಪ ಬಿದ್ದು ಬಿದ್ದು ನಕ್ಕಿದ್ದ. ಅವ್ವ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

ಕರಪತ್ರ ಹಂಚಿದ ವಾರದಲ್ಲೇ ಅಪ್ಪ ಹಾಸಿಗೆ ಹಿಡಿದ. ಜ್ವರ, ಉಸಿರಾಟದ ತೊಂದರೆ, ಎದೆಯಲ್ಲಿ ನೀರು ಸೇರಿದೆ ಎಂದರು ಡಾಕ್ಟರು. ಔಷಧ ಬರೆದುಕೊಟ್ಟು, "ಗಟ್ಟಿ ಏನೂ ಸೇರೋದಿಲ್ಲ, ಹಾಲು ಕುಡಿಸಿ, ಎಷ್ಟು ಸಾಧ್ಯವೋ ಅಷ್ಟು ಹಾಲು" ಎಂದು ಹೇಳಿಹೋದರು.

ಹಾಲು! ಅವ್ವ ಹಾಲಿನ ಪಾತ್ರೆ ಮುಟ್ಟಲೇ ಇಲ್ಲ. ಗಂಜಿಯ ತಿಳಿ ಕೊಟ್ಟಳು, ಸಕ್ಕರೆ ನೀರು ಕೊಟ್ಟಳು, ಅಪ್ಪನಿಗೆ ಒಂದೂ ಸೇರಲಿಲ್ಲ. ನಾನು ಬೈದೆ, ಬೇಡಿಕೊಂಡೆ. ನಾನೇ ಕಾಯಿಸಿ ತಂದ ಹಾಲನ್ನು ನನ್ನ ಕೈಯಿಂದ ಕಸಿದು ಮೋರಿಗೆ ಚೆಲ್ಲಿದಳು. ಅಪ್ಪ ದಿನದಿಂದ ದಿನಕ್ಕೆ ಇಳಿದುಹೋದ. ಸಾಂತಾಕ್ರೂಜದ ವಿಮಾನಗಳು ಚಾಳಿನ ನೆತ್ತಿಯ ಮೇಲೆ ಹಾಯ್ದಾಗ ತಗಡು ನಡುಗುತ್ತಿತ್ತು, ಅಪ್ಪನ ಉಸಿರು ಕೇಳಿಸದೆ ನಾವಿಬ್ಬರೂ ಓಡಿ ಅವನ ಬಾಯಿಯ ಹತ್ತಿರ ಕಿವಿ ಇಡುತ್ತಿದ್ದೆವು.

ಶನಿವಾರ ಮಧ್ಯಾಹ್ನ ಕಾಕಾ ನೋಡಲು ಬಂದರು. ಗಂಡಸರ ಎದುರು ಬಾಗಿಲ ಮರೆ ಬಿಟ್ಟು ಮಾತಾಡದ ನಮ್ಮವ್ವ ಅಂದು ಅವರ ಮುಂದೆಯೇ ಬಂದು ನಿಂತಳು.

"ಅವರ ಹೆಸರು ತಗೀರಿ."

"ವೈನಿ, ನೀವೂ ಹೀಂಗ ಅಂದ್ರ ಹ್ಯಾಂಗ್ರಿ? ಅದೆಲ್ಲಾ ಸುಳ್ಳರಿ."

"ಸುಳ್ಳಿದ್ರ ತಗೀಲಿಕ್ಕೆ ನಿಮಗೇನು ಅಡ್ಡಿ? ಖರೆ ಇದ್ರ ಇಡಲಿಕ್ಕೆ ನಿಮಗ ಮನಸ್ಸರ ಹ್ಯಾಂಗ ಬರತದ?"

ಕಾಕಾ ಒಲೆಯ ಪಕ್ಕದಲ್ಲಿ ಬೋರಲು ಹಾಕಿದ್ದ ಹಾಲಿನ ಪಾತ್ರೆ ನೋಡಿದರು. ಹಾಸಿಗೆಯಲ್ಲಿದ್ದ ಗೆಳೆಯನನ್ನು ನೋಡಿದರು. ಅಪ್ಪ ಯಾಕೆ ಕರಗಿಹೋಗುತ್ತಿದ್ದಾನೆ ಎಂಬುದು ಅವರಿಗೆ ಆ ಗಳಿಗೆಯಲ್ಲಿ ಹೊಳೆಯಿತೆಂದು ಕಾಣುತ್ತದೆ. "ತಂಗಿ, ನಡಿ" ಎಂದವರೇ ಚಪ್ಪಲಿ ಮೆಟ್ಟಿದರು.

ಬೈಕುಲ್ಲಾದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಮರಾಠಿ ಯಜಮಾನರ ಅಚ್ಚುಕೂಟ ಅದು. ಕನ್ನಡದ ಅಚ್ಚುಮೊಳೆ ಅವರ ಹತ್ತಿರ ಬಹಳ ಇರಲಿಲ್ಲ. ಎಂಟು ಪುಟಕ್ಕೆ ಸಾಲುವಷ್ಟು ಅಕ್ಷರ ಜೋಡಿಸುವುದು, ಅಚ್ಚು ಹಾಕುವುದು, ಅವೇ ಮೊಳೆ ಬಿಚ್ಚಿ ಮುಂದಿನ ಎಂಟು ಪುಟಕ್ಕೆ ಕೂಡಿಸುವುದು. ಹೀಗಾಗಿ ಅಚ್ಚಾದ ಪುಟ ಅಚ್ಚಾದಂತೆಯೇ, ಹಿಂದಕ್ಕೆ ಹೋಗಿ ತಿದ್ದುವ ಮಾತೇ ಇಲ್ಲ. ಹೆಡ್‌ಮಾಸ್ತರ ಹಾಸಿಗೆ ಹಿಡಿಯುವವರೆಗಿನ ಪುಟಗಳು ಅಪ್ಪನ ಹೆಸರಿನೊಂದಿಗೆ ಆಗಲೇ ಅಚ್ಚಾಗಿ ಮೂಲೆಯಲ್ಲಿ ಪೇರಿಸಿದ್ದವು. ಹಾಲು ಕುಡಿಯುವ ಪುಟ ಮೊಳೆ ಕೂಡಿಸಿ ತಯಾರಾಗಿತ್ತು.

ಮೊಳೆ ಜೋಡಿಸುವವನು ಗದಗ ಕಡೆಯವನು. ನಮ್ಮನ್ನು ನೋಡಿ ಎದ್ದು ನಿಂತ, ಪ್ರೂಫ್ ಹಾಳೆಯನ್ನು ಕಾಕಾನ ಕೈಗೆ ಕೊಟ್ಟು ತಲೆ ತಗ್ಗಿಸಿದ. ನಾನು ಹೆಗಲ ಮೇಲಿಂದ ಬಗ್ಗಿ ನೋಡಿದೆ. ಅಕ್ಷರಗಳ ನಡುವೆ ಅಲ್ಲಲ್ಲಿ ದಪ್ಪ ಕರಿ ಚೌಕಗಳು. ಓದಿದೆ: ಕರಿ ಚೌಕ ಹಾಲಿನ ಬಟ್ಟಲು ಎತ್ತಿದರು. ಕರಿ ಚೌಕ ಒಮ್ಮೆ ಬಿಕ್ಕಿದರು. ಅಪ್ಪನ ಹೆಸರು ಬರಬೇಕಾದ ಕಡೆಯೆಲ್ಲ ಅವನು ಮೊಳೆಗಳನ್ನು ತಲೆಕೆಳಗು ಮಾಡಿ, ಬುಡವೇ ಅಚ್ಚಾಗುವಂತೆ ಕೂಡಿಸಿದ್ದ.

"ಯಾಕೋ ಹೀಂಗ ಮಾಡಿದಿ?" ಎಂದರು ಕಾಕಾ.

"ಹೊಟೇಲ್ ಮಾಲಕರ ಹೆಸರು ಕೂಡಿಸಿದಾವ ನಾನಽ ರೀ. ಆ ದಹಿಸರ ಸಾವಕಾರಂದೂ ನಾನಽ. ಇನ್ನ ಒಲ್ಲೆರಿ. ಜೀವಂತ ಮನಿಷ್ಯಾನ ಹೆಸರು ಸಾಯೋ ಸಾಲಿನ್ಯಾಗ ನನ್ನ ಕೈಲಿಂದ ಕೂಡಸಾಕ ಆಗಂಗಿಲ್ಲರಿ."

"ಹಾಲು ಬ್ಯಾರೆ ಯಾರರ ಕುಡೀಲಿ, ಯಾರದೋ ಸುಳ್ಳು ಹೆಸರು ಹಾಕಿದರಾತು" ಎಂದೆ ನಾನು. ಬುದ್ಧಿವಂತಿಕೆಯ ಮಾತು ಹೇಳಿದೆ ಎಂದೇ ತಿಳಿದಿದ್ದೆ. ವೆಂಕಣ್ಣ ಎಂದೆ. "ನಮ್ಮಕ್ಕನ ಗಂಡರಿ" ಎಂದ ಅವನು. ಗುರುಪಾದ ಎಂದೆ. ಯಜಮಾನರ ಗುಮಾಸ್ತ ಗುರುಪಾದ ಬಾಗಿಲಲ್ಲೇ ನಿಂತಿದ್ದ, ಅವನ ಮುಖ ಬಿಳುಚಿಕೊಂಡಿತು. ನಾನು ಏನು ಹೆಸರು ಹೇಳಿದರೂ ಅದರ ಹಿಂದೆ ಒಬ್ಬ ಮನುಷ್ಯ ಎದ್ದು ನಿಲ್ಲುತ್ತಿದ್ದ. ಒಡೆಯನಿಲ್ಲದ ಹೆಸರು ಎಲ್ಲಿಂದ ತರುವುದು?

ಕಾಕಾ ಬೆಂಚಿನ ಮೇಲೆ ಕೂತು ಒಂದು ಹಾಳೆ ತೆಗೆದುಕೊಂಡು ಬರೆಯತೊಡಗಿದರು. ಹೊರಗೆ ಕೈಗಾಡಿಗಳ ಗದ್ದಲ, ಒಳಗೆ ಅವರ ಪೆನ್ನಿನ ಸದ್ದು. ಬರೆದು ಮುಗಿಸಿ ನನಗೆ ಕೊಟ್ಟರು. ಹೆಡ್‌ಮಾಸ್ತರ ಮಲಗಿದ್ದಾರೆ, ಹಾಲು ಬಂದಿದೆ. ಅಷ್ಟರಲ್ಲಿ ಅವರನ್ನು ಮಾತಾಡಿಸಲು ಪುಸ್ತಕ ಮಾರುವ ಒಬ್ಬ ಗೆಳೆಯ ಬರುತ್ತಾನೆ. ಅವನ ಬಲ ಹೆಗಲು ಕೊಂಚ ಇಳಿದಿದೆ. ಬಿಸಿಲಲ್ಲಿ ಬಂದು ದಣಿದವನು, "ಮೊದಲು ನನಗ ಕೊಡ್ರಿ" ಎಂದು ಬಟ್ಟಲು ಎತ್ತುತ್ತಾನೆ. ಹೆಡ್‌ಮಾಸ್ತರ ಉಳಿಯುತ್ತಾರೆ. ಗೆಳೆಯನ ಹೆಸರಿನ ಜಾಗದಲ್ಲಿ ಕಾಕಾ ತಮ್ಮ ಹೆಸರು ಬರೆದಿದ್ದರು.

"ಬ್ಯಾಡ ಕಾಕಾ" ಎಂದೆ.

"ಹುಚ್ಚಿ! ಲೇಖಕನಽ ಸತ್ತರ ಪುಸ್ತಕ ಛಲೋ ಮಾರತದ, ನೋಡತಿರು" ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು.

ಮೊಳೆ ಜೋಡಿಸುವವನು ಉಳಿದದ್ದೆಲ್ಲ ಕೂಡಿಸಿಕೊಟ್ಟ. ಆ ಹೆಸರನ್ನು ಮಾತ್ರ ಕೂಡಿಸಲಾರೆನೆಂದು ಕೈ ಮುಗಿದ. ಕಾಕಾ ತಾವೇ ಹೋಗಿ ಮೊಳೆಗಳ ಖಾನೆಯಲ್ಲಿ ಬೆರಳಾಡಿಸಿ, ಯಾವ ಅಕ್ಷರ ಎಲ್ಲಿದೆ ಗೊತ್ತಾಗದೆ ಹುಡುಕಿ ಹುಡುಕಿ, ತಮ್ಮ ಹೆಸರು ತಾವೇ ಕೂಡಿಸಿದರು.

ಅಚ್ಚಿನ ಮಸಿ ಇನ್ನೂ ಆರಿರಲಿಲ್ಲ, ಆ ಹಾಳೆ ಹಿಡಿದು ಚಾಳಿಗೆ ಬಂದೆವು. ಕಾಕಾ ಅದನ್ನು ಅವ್ವನ ಮುಂದೆ ಹಿಡಿದರು. ಅವ್ವ ಅಕ್ಷರದ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದಿದಳು. ಆ ಹೆಸರು ಬಂದ ಕಡೆ ಬೆರಳು ನಿಂತಿತು. ಆಮೇಲೆ ಎದ್ದು ಒಲೆ ಹೊತ್ತಿಸಿ ಹಾಲು ಕಾಯಿಸಿ, ಎರಡು ಬಟ್ಟಲಿಗೆ ಬಗ್ಗಿಸಿದಳು.

"ಮೊದಲು ನನಗ ಕೊಡ್ರಿ" ಎಂದರು ಕಾಕಾ.

ಅದೇ ಮಾತು. ಕಾಕಾ ಅವ್ವನ ಕೈಯಿಂದ ಒಂದು ಬಟ್ಟಲು ಇಸಿದುಕೊಂಡು ನಮ್ಮೆಲ್ಲರ ಎದುರು, ನಿಂತ ನಿಲುವಿನಲ್ಲಿ ಪೂರ್ತಿ ಕುಡಿದು ಬಟ್ಟಲು ಬೋರಲು ಮಾಡಿ ತೋರಿಸಿದರು. ಅವ್ವ ಅವರ ಮುಖವನ್ನೇ ನೋಡುತ್ತ ನಿಂತಳು. ಏನೂ ಆಗಲಿಲ್ಲ. ಆಮೇಲೆ ಎರಡನೆಯ ಬಟ್ಟಲನ್ನು ಅಪ್ಪನ ತುಟಿಗೆ ಹಿಡಿದಳು, ಅಪ್ಪ ಗುಟುಕು ಗುಟುಕಾಗಿ ಕುಡಿದ. ಮಳೆಗಾಲ ಹಿಡಿಯುವ ಹೊತ್ತಿಗೆ ಎದ್ದು ಓಡಾಡತೊಡಗಿದ. ಹಾಲಿನಿಂದ, ಔಷಧದಿಂದ. ಹಾಗೆಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಆ ಪುಸ್ತಕ ಎಲ್ಲಕ್ಕಿಂತ ಚೆನ್ನಾಗಿ ಹೋಯಿತು. ಆದರೆ ಕಾಕಾ ಆಮೇಲೆ ಯಾರ ಹೆಸರಿಗೂ ಮುಂಗಡ ತೆಗೆದುಕೊಳ್ಳಲಿಲ್ಲ, ಕರಪತ್ರ ಹಂಚಲಿಲ್ಲ. ಮತ್ತೆ ಲೋಕಲ್‌ನಲ್ಲಿ ಕೂತು ತೊಡೆ ತಟ್ಟಿಕೊಳ್ಳುವ ಹಳೆಯ ಕಸುಬಿಗೆ ಹಿಂತಿರುಗಿದರು. ನಮ್ಮ ಮನೆಗೆ ಬಂದಾಗ ಅವ್ವ ಅವರಿಗೆ ಚಹಾ ಕೊಡುತ್ತಿದ್ದಳು, ಕಷಾಯ ಕೊಡುತ್ತಿದ್ದಳು, ಹಾಲು ಮಾತ್ರ ಮತ್ತೆಂದೂ ಕೊಡಲಿಲ್ಲ. ಅವರು ಕೆಮ್ಮಿದರೆ ಒಲೆಯ ಮುಂದಿನಿಂದಲೇ ಕತ್ತೆತ್ತಿ ನೋಡುವಳು. ನಾನೂ ನೋಡುತ್ತಿದ್ದೆ.

ಮರುವರ್ಷ, ಸಂಜೆ ಆಫೀಸು ಬಿಟ್ಟು ಬರುವಾಗ, ಪಾರ್ಲೆ ಸ್ಟೇಶನ್ನಿನ ಸೇತುವೆಯ ಮೇಲೆ ಜನ ಗುಂಪುಗಟ್ಟಿದ್ದರು. ನಾನು ನುಗ್ಗಿ ನೋಡಿದಾಗ ಕಾಕಾ ಮೆಟ್ಟಿಲಿಗೆ ಒರಗಿ ಕೂತಿದ್ದರು. ಚೀಲ ಬಲ ಹೆಗಲಿನಲ್ಲೇ ಇತ್ತು. ನಾನು ಕೂಗಿ ಕರೆದೆ. ಹೃದಯ ನಿಂತಿತ್ತು ಎಂದರು ಡಾಕ್ಟರು. ಹಾಲಿಗೂ ಅದಕ್ಕೂ ಏನು ಸಂಬಂಧ? ಏನೂ ಇಲ್ಲ. ಆದರೆ ವಾರ ಕಳೆಯುವುದರೊಳಗೆ, ಹಾಲು ಕುಡಿದೇ ಹೋದರಂತೆ ಎಂಬ ಸುದ್ದಿ ದಹಿಸರದವರೆಗೂ ಮುಟ್ಟಿತ್ತು. ಅವರ ಕೋಣೆಯಲ್ಲಿ ಉಳಿದಿದ್ದ ಪ್ರತಿಗಳನ್ನು ಜನ ಬಂದು ಬಂದು ಒಯ್ದರು, ಒಂದೂ ಉಳಿಯಲಿಲ್ಲ. ಲೇಖಕನೇ ಸತ್ತರೆ ಪುಸ್ತಕ ಚೆನ್ನಾಗಿ ಮಾರುತ್ತದೆ ಎಂದು ಅವರು ಹೇಳಿದ್ದು ಸುಳ್ಳಾಗಲಿಲ್ಲ. ಆ ದಿನ ಬಾಗಿಲು ಹಾಕಿಕೊಂಡು ಅತ್ತಷ್ಟು ನಾನು ನನ್ನ ಸ್ವಂತದವರಿಗೂ ಅತ್ತಿಲ್ಲ.

ಅಪ್ಪ ಬಹಳ ವರ್ಷ ಬಾಳಿದ. ನನ್ನ ತಮ್ಮನಿಗೆ ಗಂಡುಮಗು ಹುಟ್ಟಿದಾಗ, ತೊಟ್ಟಿಲ ಮುಂದೆ ಕೂತು, ಯಾರನ್ನೂ ಕೇಳದೆ ಅದರ ಕಿವಿಯಲ್ಲಿ ತನ್ನ ಗೆಳೆಯನ ಹೆಸರು ಹೇಳಿದ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಬೇಡ ಎನ್ನಲಿಲ್ಲ.

ನಾನೂ ಬರೆಯುವವಳಾದೆ. ಬರೆದದ್ದನ್ನು ಚಂದ ಮಾಡುವುದು ಹೇಗೆಂದು, ಯಾವುದನ್ನು ಎಂದೂ ಮಾರಬಾರದೆಂದು ಕಲಿತದ್ದು ಅವರಿಂದಲೇ. ಇಷ್ಟು ಕೊಟ್ಟವರ ಹೆಸರನ್ನಾದರೂ ಹೇಳಬಾರದೆ ಎಂದು ಇದನ್ನು ಅಚ್ಚು ಹಾಕುವವರು ಕೇಳುತ್ತಿದ್ದಾರೆ. ಸತ್ತವರಿಗೆ ಇನ್ನೇನು ಭಯ ಎನ್ನುತ್ತಾರೆ. ಸರಿಯೇ. ಆದರೆ ಇದರಲ್ಲಿ ಆ ಹೆಸರಿನವರು ಸಾಯುತ್ತಾರೆ, ಸೇತುವೆಯ ಮೆಟ್ಟಿಲ ಮೇಲೆ. ಆ ಹೆಸರಿನ ಇನ್ನೊಬ್ಬ ನಮ್ಮ ಮನೆಯಲ್ಲೇ ಇದ್ದಾನೆ, ದಿನಾ ಫೋರ್ಟಿಗೆ ಹೋಗಿ ಸಂಜೆಯ ಲೋಕಲ್‌ನಲ್ಲಿ ಇಳಿದು ಅದೇ ಸೇತುವೆ ದಾಟಿ ಬರುತ್ತಾನೆ. ಅವನು ಬರುವ ಹೊತ್ತಾಯಿತು. ಬಾಗಿಲು ತೆರೆದಿಟ್ಟು ಕೂತಿದ್ದೇನೆ.